ಪಂಕ್ತಿಯ ಪಾಠ

ನಮ್ಮ ತಾಯಿಯವರಿಗೆ ಸಕ್ಕರೆ ಕಾಯಿಲೆ. ಬರಿಹೊಟ್ಟೆಯಲ್ಲಿ ರಕ್ತಪರೀಕ್ಷೆ ಆಗಬೇಕಾಗಿದ್ದುದರಿಂದ, ಕಳೆದ ತಿಂಗಳು ಒಂದು ಬೆಳಿಗ್ಗೆ ಅವರನ್ನು ದೊಡ್ಡ ಆಸ್ಪತ್ರೆಯೊಂದರ ಹೊರರೋಗಿ ವಿಭಾಗಕ್ಕೆ ಕರೆದೊಯ್ದಿದ್ದೆ. ಎಂಟು ಗಂಟೆಗೆ ಚೀಟಿಯ ಸಾಲು. ಅನಂತರ ಓಣಿಯ ತುದಿಯಲ್ಲಿ ವೈದ್ಯರು. ಹಣ ಕಟ್ಟಲು ಪುನಃ ಬಾಗಿಲ ಬಳಿಗೆ. ರಸೀದಿ ಹಿಡಿದು ಮಹಡಿಯ ಪ್ರಯೋಗಾಲಯಕ್ಕೆ. ಅದೇ ಓಣಿಯಲ್ಲಿ ಎದುರಿನಿಂದ ಹತ್ತಿ, ಔಷಧಿಗಳ ತಳ್ಳುಗಾಡಿ, ಹಿಂದಿನಿಂದ ಸ್ಟ್ರೆಚರು. ಹನ್ನೊಂದೂವರೆಗೆ ಕೊನೆಯ ಬಾಗಿಲು ಮುಟ್ಟಿದಾಗ, "ರಕ್ತದ ಕೊಳವೆ ಮುಗಿದಿವೆ, ಉಗ್ರಾಣದಿಂದ ಬರಬೇಕು" ಎಂಬ ಉತ್ತರ.

"ಕಣ್ಣು ಕತ್ತಲೆ ಕಟ್ಟುತ್ತಿದೆ ಕಣೋ" ಎಂದು ತಾಯಿ ನನ್ನ ತೋಳು ಹಿಡಿದರು. ಆಯಾ ಒಬ್ಬಳು ಓಡಿಬಂದು ಸಕ್ಕರೆ ನೀರು ಕುಡಿಸಿದಳು. ಜೀವ ಉಳಿಯಿತು, ಉಪವಾಸ ಕೆಟ್ಟಿತು.

ಚೇತರಿಸಿಕೊಂಡ ತಾಯಿ ನಕ್ಕು, "ನಿಮ್ಮ ದೊಡ್ಡಪ್ಪನನ್ನು ಇಲ್ಲಿ ನಿಲ್ಲಿಸಬೇಕಾಗಿತ್ತು" ಎಂದರು.

ಮದುವೆಯ ಊಟಗಳ ಉಸ್ತುವಾರಿಯಲ್ಲಿ ದೊಡ್ಡಪ್ಪನದು ಎತ್ತಿದ ಕೈ. ಬಡಿಸುವವರು ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಡಬೇಕು. ಒಂದು ಕೊಳಗದ ಸಾರು ಮುಗಿಯುವ ಮೊದಲೇ ಇನ್ನೊಂದು ಉಗ್ರಾಣದ ಬಾಗಿಲಲ್ಲಿರಬೇಕು. ಎಲೆ ಹಾಕುವ ಮುನ್ನ ಜನರನ್ನು ಕರೆಯಬಾರದು.

ಮನೆಗೆ ಬಂದು ಓದಿದಾಗ ಬೆರಗಾಯಿತು. ಆಸ್ಪತ್ರೆಗಳ ಯೋಜಕರು ಹೇಳುವುದೂ ಇದನ್ನೇ! ರೋಗಿಗಳ ದಾರಿ ಹಿಂತಿರುಗಬಾರದು. ಸಾಮಾನಿನ ದಾರಿ ಅದನ್ನು ಅಡ್ಡಹಾಯಬಾರದು. ಪ್ರತಿ ಸಾಮಗ್ರಿಗೂ ಎರಡು ಪೆಟ್ಟಿಗೆ; ಒಂದು ಬರಿದಾದೊಡನೆ ಅದೇ ಉಗ್ರಾಣಕ್ಕೆ ಬೇಡಿಕೆಯ ಓಲೆ, ಅದು ತುಂಬಿ ಬರುವವರೆಗೆ ಎರಡನೆಯದರಿಂದ ಕೆಲಸ. 1952ರಲ್ಲಿ ಇಂಗ್ಲೆಂಡಿನ ನಾರ್ಮನ್ ಬೇಯ್ಲಿ ಎಂಬ ಸಂಖ್ಯಾಶಾಸ್ತ್ರಜ್ಞರು ಹೊರರೋಗಿಗಳ ಸಾಲನ್ನೇ ಲೆಕ್ಕಕ್ಕೆ ಹಿಡಿದರು. ವೈದ್ಯರು ಸುಮ್ಮನೆ ಕೂರಬಾರದೆಂದು ಎಲ್ಲರನ್ನೂ ಒಟ್ಟಿಗೆ ಕರೆಯಬೇಕಾಗಿಲ್ಲ. ಮೊದಲಿಗೆ ಇಬ್ಬರಿದ್ದರೆ ಸಾಕು, ಉಳಿದವರು ಒಬ್ಬರನ್ನು ನೋಡಲು ಹಿಡಿಯುವ ಸರಾಸರಿ ಕಾಲಕ್ಕೆ ಒಬ್ಬರಂತೆ ಬರಲಿ ಎಂಬುದು ಅವರ ಸಲಹೆಯ ಸಾರ. ನಮ್ಮಲ್ಲಿಯೂ 2022ರಿಂದ ಅನೇಕ ಆಸ್ಪತ್ರೆಗಳಲ್ಲಿ ಮೊಬೈಲಿನಿಂದ ಸಂಕೇತಚಿತ್ರವೊಂದನ್ನು ಸ್ಕ್ಯಾನ್ ಮಾಡಿ ಚೀಟಿ ಪಡೆಯುವ ಏರ್ಪಾಟು ಬಂದಿದೆ. ಆದರೆ ಮೊದಲ ಸಾಲು ಕರಗಿದ ಮಾತ್ರಕ್ಕೆ ಕೊನೆಯ ಬಾಗಿಲಲ್ಲಿ ಕೊಳವೆ ಹುಟ್ಟುವುದಿಲ್ಲ.

ಹೀಗೆ ಆಸ್ಪತ್ರೆಯ ತಪ್ಪುಗಳನ್ನು ಪಟ್ಟಿಮಾಡುತ್ತಿದ್ದಾಗ ನನ್ನದೂ ಒಂದು ನೆನಪಾಯಿತು. ಸಕ್ಕರೆ ಕಾಯಿಲೆಯ ತಾಯಿಯನ್ನು ಹಸಿದ ಹೊಟ್ಟೆಯಲ್ಲಿ ಕರೆದೊಯ್ದ ಮಗ ಜೇಬಿನಲ್ಲಿ ಬೆಲ್ಲದ ಚೂರನ್ನೂ ಇಟ್ಟುಕೊಂಡಿರಲಿಲ್ಲ.

ಮುಂದಿನ ವಾರ ಹೋದಾಗ ಇಟ್ಟುಕೊಂಡಿದ್ದೆ. ಅಂದು ಅದರ ಅಗತ್ಯ ಬೀಳಲಿಲ್ಲ. ರಕ್ತ ಕೊಟ್ಟು ಬಂದ ತಾಯಿಯೇ ಅದನ್ನು ಕೇಳಿ ತೆಗೆದುಕೊಂಡು, ಅರ್ಧ ಮುರಿದು ನನ್ನ ಕೈಗಿತ್ತರು.