ನಮ್ಮ ಚಿಕ್ಕಪ್ಪನ ಗಣಿತದ ಡಿಗ್ರಿ

ಈ ಸಲದ ಗೋಡೆ ಪತ್ರಿಕೆಗೆ ‘ನಾನು ಮೆಚ್ಚಿದ ವ್ಯಕ್ತಿ’ ಎಂದು ಬರೆಯಲು ಹೇಳಿದಾಗ ಎಲ್ಲರೂ ದೊಡ್ಡ ದೊಡ್ಡವರನ್ನೇ ಆರಿಸಿಕೊಂಡರು. ನಾನು ನಮ್ಮ ಚಿಕ್ಕಪ್ಪನವರ ಬಗ್ಗೆ ಬರೆಯುತ್ತೇನೆ. ಅವರನ್ನು ನೀವೆಲ್ಲ ನೋಡಿದ್ದೀರಿ. ದಿನಾ ಬೆಳಿಗ್ಗೆ ಎಂಟರ ಬಸ್ಸಿಗೆ ಬುತ್ತಿ ಡಬ್ಬಿ ಹಿಡಿದು ಚನ್ನಗಿರಿಗೆ ಹೋಗುವವರೇ ಅವರು.

ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಅವರು ಲೆಕ್ಕ ಬರೆಯುತ್ತಾರೆ. ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಬೇರೆ ತೂಕ ಬರೆದುಕೊಳ್ಳಬೇಕು, ಖಾಲಿ ಚೀಲದ ತೂಕ ಕಳೆಯಬೇಕು, ಕ್ವಿಂಟಾಲಿನ ರೇಟಿನಿಂದ ಗುಣಿಸಬೇಕು. ಬೇರೆಯವರು ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ಚಿಕ್ಕಪ್ಪ ಬಾಯಲ್ಲೇ ಉತ್ತರ ಹೇಳಿರ್ತಾರೆ. ಅದಕ್ಕೇ ಊರಲ್ಲಿ ಎಲ್ಲರೂ ಕೇಳೋದು, “ಲೆಕ್ಕ ಇಷ್ಟು ಚೆನ್ನಾಗಿ ಬರುತ್ತಲ್ಲ, ಇನ್ಯಾಕಪ್ಪಾ ನಿನಗೆ ಲೆಕ್ಕದ ಡಿಗ್ರಿ?” ಎಂದು.

ಹೌದು, ಅವರು ಡಿಗ್ರಿ ಓದುತ್ತಿದ್ದಾರೆ. ವಯಸ್ಸು 34. ಪಿ.ಯು.ಸಿ. ಆದ ಮೇಲೆ ತಾತ ತೀರಿಕೊಂಡು ಓದು ನಿಂತಿತ್ತು. 2021ರ ಜುಲೈನಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಬಿ.ಎಸ್ಸಿ.ಗೆ ಸೇರಿದರು. ಅದನ್ನು ಇಗ್ನೋ ಎನ್ನುತ್ತಾರೆ. 1985ರಲ್ಲಿ ದೆಹಲಿಯಲ್ಲಿ ಶುರುವಾದದ್ದು. ಅರ್ಜಿ, ಫೀಸು ಎಲ್ಲಾ ಮೊಬೈಲಿನಲ್ಲೇ ಆಯಿತು. ನಮ್ಮ ಹಾಗೆ ದಿನಾ ಹಾಜರಿ ಇಲ್ಲ. ಪಾಠದ ಪುಸ್ತಕಗಳು ‘ಇ-ಜ್ಞಾನಕೋಶ’ ಎಂಬಲ್ಲಿ ಪುಕ್ಕಟೆ ಸಿಗುತ್ತವೆ. ಅರ್ಥವಾಗದಿದ್ದರೆ ಐಐಟಿ ಮೇಷ್ಟ್ರುಗಳ ಎನ್‌ಪಿಟಿಇಎಲ್ ವಿಡಿಯೊಗಳಿವೆ. ನೆಟ್‌ವರ್ಕ್ ಮಾತ್ರ ಹಿತ್ತಲಿನ ನೀರಿನ ತೊಟ್ಟಿಯ ಹತ್ತಿರವೇ ಬರೋದು. ಹೀಗಾಗಿ ರಾತ್ರಿ ಒಂಬತ್ತರ ಮೇಲೆ ನಮ್ಮ ಹಿತ್ತಲೇ ಕಾಲೇಜು, ಸೊಳ್ಳೆಗಳೇ ಸಹಪಾಠಿಗಳು.

ಪ್ರತಿ ವಿಷಯಕ್ಕೂ ಅಸೈನ್‌ಮೆಂಟನ್ನು ಕೈಯಲ್ಲೇ ಬರೆಯಬೇಕು. ಅದಕ್ಕೆ ನೂರಕ್ಕೆ 30, ಪರೀಕ್ಷೆಗೆ 70. ಪರೀಕ್ಷೆ ಮನೆಯಲ್ಲಿ ಕೂತು ಬರೆಯುವಂಥದ್ದಲ್ಲ, ಜೂನ್ ಮತ್ತು ಡಿಸೆಂಬರ್‌ನಲ್ಲಿ ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಚಿಕ್ಕಪ್ಪ ಕ್ಯಾಲ್ಕುಲಸ್ ಪಾಸು ಮಾಡಿದರು, ಡಿಫರೆನ್ಷಿಯಲ್ ಈಕ್ವೇಷನ್ಸ್ ಪಾಸು ಮಾಡಿದರು, ಆಲ್ಜೀಬ್ರಾನೂ ಆಯಿತು. ಬೇರೆ ವಿಷಯಗಳೂ ಮುಗಿದಿವೆ. ಉಳಿದಿರುವುದು ರಿಯಲ್ ಅನಾಲಿಸಿಸ್ ಒಂದೇ. ಅದರಲ್ಲಿ ಎರಡು ಸಲ ಫೇಲಾಗಿದ್ದಾರೆ.

ಪುಸ್ತಕ ಇಂಗ್ಲಿಷಿನಲ್ಲಿದೆ. ಚಿಕ್ಕಪ್ಪ ಹತ್ತರವರೆಗೆ ನಮ್ಮ ಹಾಗೆ ಕನ್ನಡ ಮಾಧ್ಯಮ. ಅದಕ್ಕೆ ಒಂದು ನೋಟ್ ಬುಕ್ಕಿನಲ್ಲಿ ಗೆರೆ ಹೊಡೆದು, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ತಮಗೆ ತಿಳಿದ ಹಾಗೆ ಕನ್ನಡದಲ್ಲಿ ಅರ್ಥ ಬರೆದುಕೊಂಡಿದ್ದಾರೆ. ಒಂದು ದಿನ ಅವರು “ಕಂಟಿನ್ಯುಯಸ್ ಫಂಕ್ಷನ್, ಕಂಟಿನ್ಯುಯಸ್ ಫಂಕ್ಷನ್” ಎಂದು ಬಾಯಿಪಾಠ ಮಾಡುತ್ತಿದ್ದರು. ಅಜ್ಜಿ ಒಳಗಿಂದ, “ಯಾರ ಮನೇಲೋ ಫಂಕ್ಷನ್ನು? ಮೊದಲು ನಿನ್ನ ಫಂಕ್ಷನ್ ಮಾಡ್ಕಳೋ” ಎಂದರು. ನಾವು ನಕ್ಕೆವು, ಅಜ್ಜಿ ನಗಲಿಲ್ಲ. ಹೆಣ್ಣು ನೋಡಲು ಹೋದ ಎರಡು ಕಡೆಯೂ, ಈ ವಯಸ್ಸಲ್ಲಿ ಇನ್ನೂ ಓದ್ತಾನಂತೆ ಎಂದು ಬೇಡ ಅಂದಿದ್ದರು.

ಲೆಕ್ಕ ಬರುವವರಿಗೆ ಗಣಿತ ಯಾಕೆ ಎಂದು ನಾನೂ ಕೇಳಿದ್ದೆ. ಚಿಕ್ಕಪ್ಪ ನನಗೇ ಒಂದು ಲೆಕ್ಕ ಕೊಟ್ಟರು. ನೂರು ರೂಪಾಯಿಯನ್ನು ಮೂವರು ಅಣ್ಣತಮ್ಮಂದಿರಿಗೆ ಸಮನಾಗಿ ಹಂಚು. ತಲಾ 33 ರೂಪಾಯಿ 33 ಪೈಸೆ. ಕೂಡಿಸಿದರೆ 99 ರೂಪಾಯಿ 99 ಪೈಸೆ. ಒಂದು ಪೈಸೆ ಎಲ್ಲಿ ಹೋಯಿತು? “ಮಂಡೀಲಿ ಆದ್ರೆ ಚಿಲ್ಲರೆ ಬಿಡು ಅಂತೀವಿ. ಗಣಿತದಲ್ಲಿ ಬಿಡೋ ಹಾಗಿಲ್ಲ” ಎಂದರು.

ಆಮೇಲೆ ಸ್ಲೇಟಿನಲ್ಲಿ ಬರೆದರು. 0.999… ಎಂದು ಒಂಬತ್ತುಗಳು ಮುಗಿಯದೇ ಹೋಗುವ ಸಂಖ್ಯೆಗೆ ‘ಕ’ ಎಂದು ಹೆಸರಿಡು. ಹತ್ತರಿಂದ ಗುಣಿಸಿದರೆ 10ಕ = 9.999… ಆಗುತ್ತದೆ. ಅದರಲ್ಲಿ ಕ ಕಳೆದರೆ 9ಕ = 9. ಹಾಗಾದರೆ ಕ = 1. ಅಂದರೆ 0.999… ಎನ್ನುವುದು ಒಂದಕ್ಕೆ ಹತ್ತಿರ ಅಲ್ಲ, ಒಂದೇ! ನಾನು ಚಪ್ಪಾಳೆ ಹೊಡೆದೆ.

“ಇಷ್ಟಕ್ಕೇ ಮುಗೀಲಿಲ್ಲ. ಮುಗಿಯದೇ ಇರೋ ಸಂಖ್ಯೇನ ಕಳೀಬಹುದು ಅಂತ ನಿನಗೆ ಯಾರು ಹೇಳಿದ್ರು?” ಎಂದರು. ನನಗೆ ಬಾಯಿ ಕಟ್ಟಿತು. ಮೂರನೇ ತರಗತಿಯಿಂದ ಕಳೆಯುತ್ತಾ ಬಂದಿದ್ದೇವೆ, ಯಾರೂ ಹೀಗೆ ಕೇಳಿರಲಿಲ್ಲ. ರಿಯಲ್ ಅನಾಲಿಸಿಸ್ ಎಂದರೆ ಇಂಥ ಪ್ರಶ್ನೆಗಳೇ ಅಂತೆ. 0.9 ಒಂದಕ್ಕಿಂತ 0.1 ಕಮ್ಮಿ. 0.99 ಎಂದರೆ 0.01 ಕಮ್ಮಿ. 0.999 ಎಂದರೆ 0.001 ಕಮ್ಮಿ. ನೀನು ಎಷ್ಟೇ ಸಣ್ಣ ಕೊರತೆ ಹೇಳು, ಇನ್ನಷ್ಟು ಒಂಬತ್ತು ಹಾಕಿ ಅದಕ್ಕಿಂತ ಸಣ್ಣದು ಮಾಡಿ ತೋರಿಸುತ್ತೇನೆ. ಇದಕ್ಕೆ ಲಿಮಿಟ್ ಎನ್ನುತ್ತಾರೆ. ಮಂಡಿಯಲ್ಲಿ ಎರಡು ಅಂಕಿಗೆ ನಿಲ್ಲಿಸುತ್ತೇವೆ, ಪೈಸೆ ಉಳಿಯುತ್ತದೆ. ನಿಲ್ಲಿಸದೇ ಹೋದರೆ ಉಳಿಯುವುದಿಲ್ಲ. ಇದು ನನಗೆ ಅರ್ಥವಾಗಲು ಮೂರು ದಿನ ಹಿಡಿಯಿತು.

ಇನ್ನೊಂದು ವಿಷಯ. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ಎಂಬುವರು ‘ವ್ಯವಹಾರ ಗಣಿತ’ ಎಂಬ ಪುಸ್ತಕವನ್ನು ಕನ್ನಡದಲ್ಲಿ ಬರೆದಿದ್ದರು. ಚಿಕ್ಕಪ್ಪ ಇದನ್ನು ಹೇಳುವಾಗ ಅವರ ಮುಖ ನೋಡಬೇಕು. ಲಿಮಿಟ್ಟಿನ ಬಗ್ಗೆಯೂ ಹಾಗೆ ಕನ್ನಡದಲ್ಲಿ ಹೇಳಿಕೊಡುವ ಮೇಷ್ಟ್ರಾಗಬೇಕು ಎಂಬುದು ಅವರ ಆಸೆ. ಡಿಗ್ರಿ ಆದರೆ ಬಿ.ಎಡ್. ಮಾಡಬಹುದು.

ಅವರು ಸೇರಿದ ಕೋರ್ಸನ್ನು ಕಡಿಮೆ ಎಂದರೆ 3 ವರ್ಷ, ಹೆಚ್ಚೆಂದರೆ 6 ವರ್ಷದಲ್ಲಿ ಮುಗಿಸಬೇಕು. ಆರು ವರ್ಷ 2027ಕ್ಕೆ ತುಂಬುತ್ತದೆ. ಆದರೆ ಡಿಸೆಂಬರ್ ಪರೀಕ್ಷೆ ಬರೋ ಹೊತ್ತಿಗೆ ಅಡಿಕೆ ಸುಗ್ಗಿ ಇನ್ನೂ ಮುಗಿದಿರೋದಿಲ್ಲ, ಮಂಡಿಯಲ್ಲಿ ರಜೆ ಸಿಗೋದು ಕಷ್ಟ. ಎರಡು ಸಲ ಫೇಲಾದದ್ದೂ ಆ ಸಮಯದಲ್ಲೇ. ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದು, ಮಲಗದೆ ಓದಿ, ಬೆಳಿಗ್ಗೆ ಪರೀಕ್ಷೆಗೆ ಹೋಗಿದ್ದರು.

ಈ ಸಲ ಅವರು ಸಾಹುಕಾರರ ಹತ್ತಿರ ಮೊದಲೇ ಹೋಗಿ ಎಂಟು ದಿನ ರಜೆ ಕೇಳಿದರು. ಸಾಹುಕಾರರು ಸುಮ್ಮನೆ ಕೂತಿದ್ದು, “ನಾಕು ದಿನ ಕೊಡ್ತೀನಿ, ಸಂಬಳ ಹಿಡೀತೀನಿ” ಎಂದರಂತೆ. ಚಿಕ್ಕಪ್ಪ ಬಂದು ಹೇಳಿದಾಗ ಅಜ್ಜಿ ಏನೂ ಅನ್ನಲಿಲ್ಲ. ಸಂಜೆ ನಾನು ನೋಡುತ್ತೇನೆ, ಹಿತ್ತಲಿನ ತೊಟ್ಟಿಯ ಹತ್ತಿರ ಅಜ್ಜಿ ಬೇವಿನ ಸೊಪ್ಪು ಹಾಕಿ ಹೊಗೆ ಎಬ್ಬಿಸುತ್ತಿದ್ದರು. ಯಾಕಜ್ಜಿ ಎಂದರೆ, “ಸೊಳ್ಳೆ ಕಣೇ, ಹುಡುಗ ಓದಬೇಕಲ್ಲ” ಎಂದರು.

– 7ನೇ ತರಗತಿಯ ವಿದ್ಯಾರ್ಥಿನಿ