ನಡುಮನೆಯ ವೈರು

ಆಟದ ಸಾಮಾನಿನ ವಿಷಯ ನಮಗ್ಯಾಕೆ ಅಂತ ಪುಟ ತಿರುವಿಬಿಡಬೇಡಿ. ಹೋದ ಕಾರ್ತಿಕ ಮಾಸದವರೆಗೆ ನಾನೂ ಹಾಗೇ ಅಂದುಕೊಂಡಿದ್ದವಳು.

ನಮ್ಮದು ಮಿರ್ಲೆ. ಹಳೇ ಹೆಂಚಿನ ಮನೆ. ನಡುಮನೆಯಲ್ಲಿ ಟೀವಿ. ನನ್ನ ಮೈದುನ ಕೊಟ್ಟ ಹಳೆಯ ಕಂಪ್ಯೂಟರನ್ನು ಅದಕ್ಕೆ ಸಿಕ್ಕಿಸಿಕೊಂಡು ನನ್ನ ಇಬ್ಬರು ಗಂಡುಮಕ್ಕಳೂ ವಿಡಿಯೋ ಗೇಮ್ ಆಡುತ್ತಾರೆ. ಕೈಯಲ್ಲಿ ಹಿಡಿದು ಗುಂಡಿ ಒತ್ತುವ ಸಾಮಾನಿಗೆ ಕಂಟ್ರೋಲರ್ ಅಂತ ಹೆಸರು. ಅದರ ವೈರು ಟೀವಿಯಿಂದ ಚಾಪೆಯವರೆಗೆ ಅಡ್ಡಕ್ಕೆ ಬಿದ್ದಿರುತ್ತಿತ್ತು. ಅಡುಗೆಮನೆಯಿಂದ ದೇವರ ಕೋಣೆಗೆ ಹೋಗುವ ದಾರಿಯೂ ಅದೇ!

ಒಂದು ಸಂಜೆ ದೀಪ ಹಚ್ಚಲು ಎಣ್ಣೆ ಬಟ್ಟಲು ಹಿಡಿದು ಹೊರಟ ನಮ್ಮತ್ತೆ ವೈರಿಗೆ ಕಾಲು ಸಿಕ್ಕಿ ಬಿದ್ದೇಬಿಟ್ಟರು. ದೇವರ ದಯೆ, ಮೂಳೆ ಮುರಿಯಲಿಲ್ಲ. ಆದರೆ ಬಲಗೈ ಮಣಿಕಟ್ಟು ಊದಿ ಮೂರು ವಾರ ಪಟ್ಟಿ. ಎಪ್ಪತ್ತು ದಾಟಿದ ಜೀವ, ಊಟಕ್ಕೂ ಇನ್ನೊಬ್ಬರ ಕೈ ಕಾಯುವಂತಾಯಿತು. ನಮ್ಮವರು “ಎಲ್ಲಾ ಎತ್ತಿ ಅಟ್ಟಕ್ಕೆ ಹಾಕು” ಅಂದರು. ಮಕ್ಕಳ ಮುಖ ನೋಡಲಾಗಲಿಲ್ಲ. ವೈರಿಲ್ಲದ್ದೂ ಬರುತ್ತಂತೆ, ವಿಚಾರಿಸೋಣ ಅಂದೆ.

ವಿಚಾರಿಸಿದಾಗ ತಿಳಿದದ್ದು ಇಷ್ಟು. ವೈರಿದ್ದರೆ ಬೆಲೆ ಕಡಿಮೆ, ಸೆಲ್ಲಿನ ಖರ್ಚಿಲ್ಲ, ಗುಂಡಿ ಒತ್ತಿದ್ದು ತಡವಿಲ್ಲದೆ ತಲುಪುತ್ತದೆ. ವೈರಿಲ್ಲದ್ದು ರೇಡಿಯೋ ಅಲೆಯಲ್ಲಿ ಸುದ್ದಿ ಕಳಿಸುತ್ತದೆ. ಕಂಪ್ಯೂಟರಿಗೆ ಹೆಬ್ಬೆರಳುಗಾತ್ರದ ಒಂದು ತುಂಡು ಸಿಕ್ಕಿಸಬೇಕು, ಇಲ್ಲವೇ ಬ್ಲೂಟೂತ್ ಇರಬೇಕು. ತಡವಾಗುವುದು ಒಂದು ಸೆಕೆಂಡಿನ ನೂರರಲ್ಲೊಂದು ಪಾಲಿನ ಲೆಕ್ಕದಲ್ಲಿ. ಪಂದ್ಯಕ್ಕೆ ಹೋಗುವವರಿಗೆ ಅದೂ ದೊಡ್ಡದೇ, ನಮ್ಮ ಹುಡುಗರಿಗೇನು? 2002ರಲ್ಲೇ ನಿಂಟೆಂಡೊ ಕಂಪನಿ ಇಂಥ ರೇಡಿಯೋ ಕಂಟ್ರೋಲರ್ ತಂದಿತ್ತು. ಅದಕ್ಕೂ ಮೊದಲು, 2001ರ ಎಕ್ಸ್‌ಬಾಕ್ಸ್‌ನ ವೈರಿನಲ್ಲಿ ಒಂದು ಜೋಡಣೆ ಇಟ್ಟಿದ್ದರು. ಯಾರಾದರೂ ಎಡವಿದರೆ ಅಲ್ಲೇ ಬಿಟ್ಟುಕೊಳ್ಳುತ್ತಿತ್ತು. ಪೆಟ್ಟಿಗೆ ಕೆಳಗೆ ಬೀಳದಿರಲಿ ಅಂತ. ಅಂದರೆ ಎಡವುವುದು ನಮ್ಮ ಮನೆಯ ಕಥೆ ಮಾತ್ರ ಅಲ್ಲ, ನೋಡಿ!

ಮೈಸೂರಿಗೆ ಹೋದಾಗ ವೈರಿಲ್ಲದ್ದೇ ಎರಡು ತಂದೆವು. ಎರಡೆರಡು ಪೆನ್ಸಿಲ್ ಸೆಲ್ ಬೇಕು. ಬಿಸಾಡುವ ಸೆಲ್ ದುಬಾರಿಯಾಗುತ್ತದೆಂದು ಚಾರ್ಜ್ ಮಾಡುವಂಥದ್ದನ್ನು ಎರಡು ಜೊತೆ ಹೆಚ್ಚಿಗೆ ಕೊಂಡೆ. ಕರೆಂಟ್ ಹೋದಾಗ ಮಾತ್ರ ವೈರಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಸಮಸ್ಯೆ ಮುಗಿಯಿತು ಅಂತ ನಾನು ಬೀಗುತ್ತಿದ್ದೆ. ಒಂದಿನ ಹುರುಳಿಕಾಳು ಆರಿಸುತ್ತಾ ಕೂತಾಗ ಅತ್ತೆ ಅಂದರು: “ಮುಂಚೆ ನಾನು ಬಂದ್ರೆ ‘ತಾಳಜ್ಜಿ’ ಅಂತ ವೈರು ಎತ್ತಿ ದಾರಿ ಬಿಡೋರು. ಒಂದಿನ ಮರೆತ್ರು, ಬಿದ್ದೆ. ಈಗ ನಾನು ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ ಕಣವ್ವಾ.”

ನನ್ನ ಕೈ ಮೊರದಲ್ಲೇ ನಿಂತಿತು. ಕಾಲಿಗೆ ದಾರಿ ಮಾಡಿಕೊಟ್ಟಿದ್ದೆ, ಸರಿ. ಆದರೆ ಆ ಒಂದು ಮಾತು ಹೋಗಿಬಿಟ್ಟಿತ್ತಲ್ಲ! ಅಂದು ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಬೈಯದೆ ಹೇಳಿದೆ. ಆಟ ನಿಲ್ಲಿಸುವುದಕ್ಕೂ ಆ ಕಂಟ್ರೋಲರಿನಲ್ಲಿ ಒಂದು ಗುಂಡಿ ಉಂಟು. ಅಜ್ಜಿ ದೀಪ ಹಚ್ಚಲು ಬಂದರೆ ಅದನ್ನು ಒತ್ತಬೇಕು, ಒಬ್ಬನು ಎದ್ದು ಎಣ್ಣೆ ಬಟ್ಟಲು ಹಿಡಿಯಬೇಕು. ಮೊದಲ ವಾರ ನಾನೇ ನೆನಪಿಸಿದೆ. ಈಗ ಚಿಕ್ಕವನೇ ಎದ್ದು ಹೋಗುತ್ತಾನೆ.

ನಿಮ್ಮ ಮಕ್ಕಳೂ ಕೇಳಿದರೆ, ಮೇಜಿನ ಮುಂದೆ ಕೂತು ಆಡುವವರಾದರೆ ವೈರಿದ್ದದ್ದೇ ಸಾಕು, ದುಡ್ಡೂ ಉಳಿಯುತ್ತೆ. ಹಿರಿಯರು, ಕೂಸುಗಳು ಓಡಾಡುವ ನಡುಮನೆಯಾದರೆ ವೈರಿಲ್ಲದ್ದು ಕೊಡಿಸಿ. ಯಾವುದನ್ನು ಕೊಡಿಸಿದರೂ ಆ ನಿಲ್ಲಿಸುವ ಗುಂಡಿ ಎಲ್ಲಿದೆ ಅಂತ ನೀವೂ ಒಮ್ಮೆ ಕೇಳಿ ತಿಳಿದುಕೊಳ್ಳಿ.