ಗಲ್ಲಾದಲ್ಲಿದ್ದ ಹಣ ಯಾರದು?

ಕಳೆದ ಆಷಾಢದ ಒಂದು ಸಂಜೆ ಹಳಿಯಾಳದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಮಳೆ ನೋಡುತ್ತಿದ್ದೆ. ಹಾಗೆ ಸುಮ್ಮನೆ ಮಳೆ ನೋಡುತ್ತ ಕೂರುವುದು ಕನ್ನಡ ಉಪನ್ಯಾಸಕನ ಕರ್ತವ್ಯಗಳಲ್ಲಿ ಒಂದೆಂದು ನನ್ನ ಹೆಂಡತಿ ಹಾಸ್ಯ ಮಾಡುವುದುಂಟು. ಅಷ್ಟರಲ್ಲಿ ಗೇಟಿನ ಬಳಿ ಕೊಡೆಯೊಂದು ಬಂದು ನಿಂತಿತು. ಅದರ ಕೆಳಗಿದ್ದವನು ಐದು ವರ್ಷಗಳ ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ಬಗಲಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ದಪ್ಪ ಪುಸ್ತಕ. ಕಾದಂಬರಿ ಬರೆದು ತಂದಿರಬೇಕೆಂದು ನಾನು ಹೆದರಿದೆ. ಪುಣ್ಯಕ್ಕೆ ಅದು ಲೆಕ್ಕದ ಪುಸ್ತಕವಾಗಿತ್ತು.

"ಸರ್, ಇದನ್ನ ಸ್ವಲ್ಪ ನೋಡ್ರಿ. ರೊಕ್ಕ ಬಂದಿತ್ತು. ಎಲ್ಲಿ ಹೋತು ಅಂತ ತಿಳೀವಲ್ದು" ಎಂದ.

ನಾನು ಎಂ.ಎ. ಮಾಡಿದ್ದು ಕನ್ನಡದಲ್ಲಿ. ಛಂದಸ್ಸಿನ ಮಾತ್ರೆಗಳನ್ನು ಎಣಿಸಬಲ್ಲೆನೇ ಹೊರತು ಹೋಟೆಲಿನ ಜಮಾಖರ್ಚನ್ನು ಎಣಿಸಿದವನಲ್ಲ. ಆದರೆ ನಾನು ಹೋಟೆಲಿನ ಗಲ್ಲಾದ ಪಕ್ಕದಲ್ಲಿ ಬೆಳೆದವನೆಂಬುದು ಅವನಿಗೆ ಗೊತ್ತಿತ್ತು. ಪಾಠದ ನಡುವೆ ಎಂದೋ ಹೇಳಿದ್ದೆನಂತೆ. ಪಾಠವನ್ನು ಮರೆತು ಇಂಥದನ್ನು ಮಾತ್ರ ನೆನಪಿಡುವ ವಿದ್ಯಾರ್ಥಿಗಳ ಮೇಲೆ ನನಗೆ ಸಿಟ್ಟಿಲ್ಲ.

ಅವನು ದಾಂಡೇಲಿಯಿಂದ ಜೋಯಿಡಾ ಕಡೆಗೆ ಹೋಗುವ ದಾರಿಯಲ್ಲಿರುವ ಹದಿನೆಂಟು ಕೋಣೆಗಳ ವಸತಿಗೃಹವೊಂದರಲ್ಲಿ ಮ್ಯಾನೇಜರು. ಬಿ.ಎ. ಮುಗಿಸಿ ಸೇರಿದ್ದು ಬಂದವರ ಹೆಸರು ಬರೆದುಕೊಳ್ಳುವ ಕೆಲಸಕ್ಕೆ. ಕನ್ನಡ, ಮರಾಠಿ, ಕೊಂಕಣಿ, ಹಿಂದಿ ನಾಲ್ಕನ್ನೂ ಆಡಬಲ್ಲನೆಂದು ಎರಡೇ ವರ್ಷದಲ್ಲಿ ಅವನನ್ನು ಮ್ಯಾನೇಜರನನ್ನಾಗಿ ಮಾಡಿದರು. ಬಂದವರನ್ನು ನಗುಮುಖದಿಂದ ಕಾಣುವುದು, ಅಡಿಗೆಯವನ ಮುನಿಸನ್ನು ತಿಳಿಗೊಳಿಸುವುದು, ಕರೆಂಟು ಹೋದಾಗ ಜನರೇಟರಿನವನನ್ನು ಹುಡುಕುವುದು, ಇವೆಲ್ಲ ಅವನಿಗೆ ತಾನಾಗಿ ಬಂದ ವಿದ್ಯೆ. ಹಣದ ವಿಷಯವನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ದಿನದ ಕೊನೆಗೆ ಬಂದದ್ದನ್ನು ಬ್ಯಾಂಕಿಗೆ ಕಟ್ಟುವುದು, ಸಾಹುಕಾರರು ಫೋನಿನಲ್ಲಿ ಹೇಳಿದ ಬಿಲ್ಲಿಗೆ ಹಣ ಕೊಡುವುದು: ಲೆಕ್ಕವೆಂದರೆ ಇಷ್ಟೇ ಎಂದುಕೊಂಡಿದ್ದ. ಸಾಹುಕಾರರಿರುವುದು ಹುಬ್ಬಳ್ಳಿಯಲ್ಲಿ, ಅವರ ಮುಖ್ಯ ವ್ಯಾಪಾರ ಬೇರೆ.

ಮೇ ತಿಂಗಳಲ್ಲಿ ಕೋಣೆಗಳೆಲ್ಲ ತುಂಬಿದ್ದವು. ಒಂದೇ ತಿಂಗಳಿಗೆ ಹನ್ನೆರಡು ಲಕ್ಷ ರೂಪಾಯಿ ಬಂದಿತ್ತು. ಅದನ್ನು ಕಂಡು ಸಾಹುಕಾರರಿಗೆ ಈಜುಕೊಳ ಕಟ್ಟಿಸುವ ಹುಮ್ಮಸ್ಸು ಬಂತು. ಜೂನಿನಲ್ಲಿ ಮಳೆ ಹಿಡಿಯಿತು. ಮಳೆ ಜೋರಾದರೆ ಗಣೇಶಗುಡಿಯ ಬಳಿ ಕಾಳಿ ನದಿಯಲ್ಲಿ ರಾಫ್ಟಿಂಗ್ ನಿಲ್ಲುತ್ತದೆ. ರಾಫ್ಟಿಂಗ್ ನಿಂತರೆ ಬೆಂಗಳೂರು, ಪುಣೆಗಳಿಂದ ಗುಂಪು ಕಟ್ಟಿಕೊಂಡು ಬರುವವರೂ ನಿಲ್ಲುತ್ತಾರೆ. ಮುಂಗಡ ಕೊಟ್ಟವರೆಲ್ಲ ಹಣ ವಾಪಸು ಕೇಳತೊಡಗಿದರು. ಮುಂಗಡವೋ ಆಗಲೇ ಈಜುಕೊಳದ ನೀಲಿ ಟೈಲ್ಸ್ ಆಗಿ ಗೋಡೆಗೆ ಅಂಟಿಕೊಂಡಿತ್ತು.

ಒಂದು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ನಾವಿಬ್ಬರೂ ಲೆಕ್ಕ ಹಾಕಿದೆವು. ಕೋಣೆ ತುಂಬಿರಲಿ ಖಾಲಿಯಿರಲಿ, ತಪ್ಪದೆ ಬರುವ ಖರ್ಚುಗಳಿವೆ: ಹನ್ನೊಂದು ಜನರ ಸಂಬಳ, ಸಾಲದ ಕಂತು, ವಿದ್ಯುತ್ತಿನ ಕನಿಷ್ಠ ಬಿಲ್ಲು, ರಿಪೇರಿ, ಎಲ್ಲ ಸೇರಿ ತಿಂಗಳಿಗೆ 3,60,000 ರೂಪಾಯಿ. ಮಳೆಗಾಲದಲ್ಲಿ ಕೋಣೆಯ ದರ 1,800. ಅದರಲ್ಲಿ ಒಗೆತ, ಸಾಬೂನು, ಬೆಳಗಿನ ತಿಂಡಿ ಎಂದು 300 ಕಳೆದರೆ ಉಳಿಯುವುದು 1,500. ಅಂದರೆ ತಿಂಗಳಿಗೆ 240 ಕೋಣೆ ಹೋದರೆ ಮಾತ್ರ ಕೈಯಿಂದ ಹಾಕುವುದು ತಪ್ಪುತ್ತದೆ. ಅವನ ಮಳೆಗಾಲದ ಅಂದಾಜು ತಿಂಗಳಿಗೆ ಎಪ್ಪತ್ತು ಕೋಣೆ! ಹೀಗೆ ಪ್ರತಿ ತಿಂಗಳೂ ಎರಡೂವರೆ ಲಕ್ಷಕ್ಕೂ ಮಿಕ್ಕ ಕೊರತೆ. ನಾಲ್ಕು ತಿಂಗಳಿಗೆ ಹತ್ತು ಲಕ್ಷ ದಾಟುತ್ತದೆ. ಮೇ ತಿಂಗಳಲ್ಲಿ ಎಲ್ಲ ಖರ್ಚು ಕಳೆದು ಉಳಿದದ್ದು ಏಳು ಲಕ್ಷದಷ್ಟು. ಅದು ಲಾಭವೆಂದು ಸಾಹುಕಾರರೂ ತಿಳಿದರು, ಇವನೂ ತಿಳಿದ. ನಿಜಕ್ಕೂ ಅದು ಮಳೆಗಾಲದ ಹಳ್ಳ ತುಂಬಲು ಎತ್ತಿಡಬೇಕಾಗಿದ್ದ ಮಣ್ಣು.

"ಹಂಗಾದ್ರ ಮೇ ತಿಂಗಳದಾಗ ನಮ್ದು ಅಂತ ಏನೂ ಇರ್ಲಿಲ್ಲೇನ್ರಿ?" ಎಂದು ಕೇಳಿದ. ಹುಡುಗ ದಡ್ಡನಲ್ಲ.

ಹೋಟೆಲಿನ ವ್ಯಾಪಾರ ವಿಚಿತ್ರವಾದದ್ದು. ಅಂಗಡಿಯವನ ಅಕ್ಕಿಮೂಟೆ ಇಂದು ಮಾರಾಟವಾಗದಿದ್ದರೆ ನಾಳೆಗೂ ಇರುತ್ತದೆ. ಇಂದು ರಾತ್ರಿ ಹೋಗದ ಕೋಣೆ ಬೆಳಗಾಗುವಷ್ಟರಲ್ಲಿ ಸತ್ತುಹೋಗುತ್ತದೆ. ನಾಳೆ ಮಾರುವುದು ನಾಳೆಯ ಕೋಣೆಯನ್ನು. ಸಾಲದ್ದಕ್ಕೆ ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಊರಿಗೊಂದು ಪಂಚಾಂಗ. ದಾಂಡೇಲಿ, ಜೋಯಿಡಾಗಳ ಲಾಡ್ಜುಗಳು ಬಿಸಿಲನ್ನೂ ರಜೆಯನ್ನೂ ನಂಬಿವೆ. ಹಳಿಯಾಳದ ಖಾನಾವಳಿಗೆ ಕಬ್ಬು ಅರೆಯುವ ತಿಂಗಳುಗಳೇ ಸುಗ್ಗಿ. ಕಬ್ಬಿನ ಗಾಡಿಗಳು ನಿಂತ ಮೇಲೆ ರೊಟ್ಟಿ ಬಡಿಯುವ ಸದ್ದೂ ಇಳಿಯುತ್ತದೆ. ಮುಂಡಗೋಡಿನ ಬಳಿ 1966ರಿಂದ ಟಿಬೆಟನ್ನರು ನೆಲೆಸಿದ್ದಾರೆ. ಅಲ್ಲಿಯ ಪಂಚಾಂಗ ಬೌದ್ಧ ಮಠಗಳದು. 2019ರ ಡಿಸೆಂಬರಿನಲ್ಲಿ ದಲೈ ಲಾಮಾ ಅವರು ಬಂದಂಥ ಸಂದರ್ಭ ವರ್ಷಕ್ಕೊಮ್ಮೆ ಬಂದರೂ ಬಂತು, ಬರದಿದ್ದರೂ ಇಲ್ಲ. ಅಂಥ ಒಂದು ವಾರದ ಗಳಿಕೆಯನ್ನು ನೋಡಿ ಮೇಲೊಂದು ಅಂತಸ್ತು ಕಟ್ಟಿಸಿದವನು ಮುಂದಿನ ವಾರ ಖಾಲಿ ಮಂಚಗಳನ್ನು ಎಣಿಸಬೇಕಾಗುತ್ತದೆ. 2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಹಾಕಿದಾಗಲಂತೂ ಯಾವ ಪಂಚಾಂಗವೂ ಉಳಿಯಲಿಲ್ಲ.

ಗಲ್ಲಾಕ್ಕೆ ಬಂದ ಹಣವೆಲ್ಲ ಹೋಟೆಲಿನದೂ ಅಲ್ಲ. ಬಿಲ್ಲಿನೊಳಗಿನ ಜಿಎಸ್‌ಟಿ ಸರ್ಕಾರದ್ದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿ ಮೀರದ ಕೋಣೆಗಳಿಗೆ ಈ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಗಿರಾಕಿಗಳಿಗೆ ಸಂತೋಷ. ಆದರೆ ಹೋಟೆಲಿನವರು ತಾವು ಕೊಂಡ ಸಾಮಾನಿನ ಮೇಲೆ ಕೊಟ್ಟ ತೆರಿಗೆಯನ್ನು ಅದರಲ್ಲಿ ಮುರಿದುಕೊಳ್ಳುವಂತಿಲ್ಲ. ಕೋಣೆ ಕಾಯ್ದಿರಿಸಿಕೊಡುವ ಆ್ಯಪ್‌ನವರ ಕಮಿಷನ್ನು ಬೇರೆ. ಇನ್ನು ಮುಂಗಡ: ಕೈಗೆ ಹಣ ಬಂದಿದೆ, ಆದರೆ ಅತಿಥಿ ಬಂದು ಮಲಗಿ ಎದ್ದು ಹೋಗುವವರೆಗೂ ಅದು ಸಾಲವೇ. ಪರರ ಹಣ ನಮ್ಮ ಜೇಬಿನಲ್ಲಿ ಬೆಚ್ಚಗೆ ಕುಳಿತಿರುತ್ತದೆ, ಅಷ್ಟೆ. ಇದನ್ನು ತಿಳಿಯದೆ ಕೆಟ್ಟವರು ಹೋಟೆಲಿನವರು ಮಾತ್ರವೆಂದು ನಾನು ಹೇಳಲಾರೆ. ಸಂಬಳದ ದಿನ ನಾನೂ ಒಮ್ಮೊಮ್ಮೆ ಶ್ರೀಮಂತನಾಗಿರುತ್ತೇನೆ.

ಹುಡುಗ ಅಸಲು ವಿಷಯವನ್ನು ಹೊರಗೆಡವಿದ್ದು ಎರಡನೆಯ ಲೋಟ ಚಹಾ ಆದಮೇಲೆ. ವಾಪಸು ಕೊಡಬೇಕಾದ ಮುಂಗಡ ಎರಡು ಲಕ್ಷ ಎಂಬತ್ತು ಸಾವಿರ. ಒಂದನೆಯ ತಾರೀಕಿಗೆ ಸಂಬಳ ಒಂದೂವರೆ ಲಕ್ಷ. ಬ್ಯಾಂಕಿನಲ್ಲಿದ್ದದ್ದು ತೊಂಬತ್ತು ಸಾವಿರ. ದಸರೆ ರಜೆಗೆಂದು ಹೊಸ ಮುಂಗಡಗಳು ಬರತೊಡಗಿದ್ದವು. ಅವುಗಳಿಂದ ಸದ್ಯಕ್ಕೆ ಹಳೆಯ ಮುಂಗಡ ತೀರಿಸಿ, ಸಂಬಳವನ್ನೂ ಹೇಗೋ ಸರಿದೂಗಿಸಿ, ಡಿಸೆಂಬರಿನ ಗದ್ದಲದಲ್ಲಿ ಎಲ್ಲವನ್ನೂ ಮುಚ್ಚಿಬಿಡಬೇಕೆಂಬುದು ಅವನ ಆಲೋಚನೆ. ಸಾಹುಕಾರರಿಗೆ ಹೇಳಿದರೆ ಮೊದಲು ಆಗುವುದು ನಾಲ್ಕು ಜನರಿಗೆ ಕೆಲಸ ಬಿಡಿಸುವುದು ಎಂದು ಅವನ ಭಯ. ಆ ನಾಲ್ವರಲ್ಲಿ ಇಬ್ಬರು ಜೋಯಿಡಾದ ಒಳಹಳ್ಳಿಗಳಿಂದ ಅವನೇ ಕರೆತಂದವರು.

ನಾನು ಉಪನ್ಯಾಸಕ. ಒಡನೆಯೇ ಒಂದು ಉದಾಹರಣೆ ಕೊಟ್ಟೆ. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್ ಸಂಗತಿ ಅದು. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲಿನ ಊಟ ತಿಂಡಿಗಳಿಗೆ ಸರ್ಕಾರ ತೀರ ಕಡಮೆ ದರ ಗೊತ್ತುಮಾಡಿತು. ಆ ದರದಲ್ಲಿ ತಮ್ಮ ಗುಣಮಟ್ಟ ಗಿಟ್ಟದೆಂದು ಮಯ್ಯರ ಮನೆತನದವರಿಗೆ ಗೊತ್ತಾಯಿತು. ಅದನ್ನು ಮುಚ್ಚಿಟ್ಟು ತುಪ್ಪಕ್ಕೆ ಬದಲು ಇನ್ನೇನನ್ನೋ ಸುರಿಯಲಿಲ್ಲ; ತಿಂಡಿಯ ಸಿದ್ಧಮಿಶ್ರಣಗಳನ್ನು ತಯಾರಿಸಿ ಮಾರುವ ಬೇರೊಂದು ದಾರಿ ಹಿಡಿದರು. ಲೆಕ್ಕವನ್ನು ಕಣ್ಣು ತೆರೆದು ನೋಡುವುದೆಂದರೆ ಹೀಗೆ, ಎಂದೆ. ಹುಡುಗ ವಿನಯದಿಂದ ಕೇಳಿಸಿಕೊಂಡ. ತರಗತಿಯಲ್ಲಿಯೂ ಅವನು ಹೀಗೆಯೇ ಕೇಳಿಸಿಕೊಳ್ಳುತ್ತಿದ್ದ.

ಆಗ ಒಳಕೋಣೆಯಿಂದ ಕೆಮ್ಮು ಕೇಳಿತು. ನನ್ನ ಅಪ್ಪಯ್ಯ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು. ಅವರ ಕೈಯಲ್ಲಿ ಉದ್ರಿ ಪುಸ್ತಕವಿತ್ತು.

ಅಪ್ಪಯ್ಯ ಕುಂದಾಪುರದ ಕಡೆಯಿಂದ ಮಾಣಿಯಾಗಿ ದಾಂಡೇಲಿಗೆ ಬಂದವರು. 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದಮೇಲೆ ನಾನಾ ಪ್ರಾಂತಗಳ ಜನ ಬಂದು ಕಟ್ಟಿಕೊಂಡ ಊರು ಅದು, ಉಣ್ಣುವವರಿಗೆ ಕೊರತೆಯಿರಲಿಲ್ಲ. ಹತ್ತು ವರ್ಷದಲ್ಲಿ ಅಪ್ಪಯ್ಯ ಗಲ್ಲಾಕ್ಕೆ ಏರಿದರು. ಧಣಿಗಳು ಊರಿನಲ್ಲಿರುತ್ತಿದ್ದರು, ವರ್ಷಕ್ಕೆರಡು ಸಲ ಬಂದು ಪುಸ್ತಕ ನೋಡಿ ಹೋಗುತ್ತಿದ್ದರು. ಹಸಿದು ಬಂದವನಿಗೆ "ರೊಕ್ಕ ಉಂಟೋ?" ಎಂದು ಅಪ್ಪಯ್ಯ ಕೇಳಿದ್ದನ್ನು ನಾನು ಕಂಡಿಲ್ಲ. ಉಂಡವನ ಹೆಸರನ್ನೂ ಕೇಳುತ್ತಿರಲಿಲ್ಲ, ಕೇಳಿದರೆ ನಂಬಿಕೆಯಿಲ್ಲವೆಂದು ತಿಳಿದಾನೆಂಬ ಸಂಕೋಚ. ಆದ್ದರಿಂದ ಪುಸ್ತಕದ ತುಂಬ ಇಂಥ ಬರಹ: "ಕೆಂಪು ಮಫ್ಲರ್ – 212." "ಬಿದಿರು ಲಾರಿ, ಕುಳ್ಳ – 96." "ಹೆಂಡತಿಗೆ ಹೆರಿಗೆ ಆದವ – 340." ತಿಂಗಳ ಕೊನೆಗೆ ಇದೆಲ್ಲವನ್ನೂ ಕೂಡಿಸಿ 'ಬರತಕ್ಕದ್ದು' ಎಂದು ಬರೆದು ಗಳಿಕೆಗೆ ಸೇರಿಸುತ್ತಿದ್ದರು. ಪುಟದ ಕೆಳಗೆ ಯಾವಾಗಲೂ ಲಾಭವೇ. ಧಣಿಗಳು ಸಂತೋಷದಿಂದ ಹಣ ಒಯ್ಯುತ್ತಿದ್ದರು. ಒಯ್ದದ್ದು ನಿಜವಾದ ಹಣ. ಉಳಿದದ್ದು ಕೆಂಪು ಮಫ್ಲರ್.

2003ರಲ್ಲಿ ಅಕ್ಕಿಯ ವ್ಯಾಪಾರಿ ಕೈಯೆತ್ತಿದ. ಧಣಿಗಳು ಬಂದು ಕೇಳಿದಾಗ ಬರಬೇಕಾದದ್ದು ಒಂದು ಲಕ್ಷ ಎಂಬತ್ತು ಸಾವಿರ ಎಂದು ಹೊರಬಿತ್ತು. ಅದರಲ್ಲಿ ಹೆಚ್ಚಿನವರು ಊರು ಬಿಟ್ಟೇ ಹೋಗಿದ್ದರು. ತಿಂಗಳೊಳಗೆ ಹೋಟೆಲು ಮುಚ್ಚಿತು. ನನಗಾಗ ಹದಿನಾಲ್ಕು ವರ್ಷ. "ಮುಂಚೆಯೇ ಧಣಿಗಳಿಗೆ ಹೇಳಬಾರದಿತ್ತೇ?" ಎಂದು ಅಮ್ಮ ಕೇಳಿದ್ದು, "ಹೇಳಿದರೆ ಉದ್ರಿ ನಿಲ್ಲಿಸು ಅನ್ನುತ್ತಿದ್ದರು" ಎಂದು ಅಪ್ಪಯ್ಯ ಗೋಡೆ ನೋಡುತ್ತ ಹೇಳಿದ್ದು ನನಗೆ ನೆನಪಿದೆ.

ಇಷ್ಟು ವರ್ಷ ನಾನು ಆ ಉತ್ತರದ ಬಗ್ಗೆ ಹೆಮ್ಮೆಪಟ್ಟಿದ್ದೆ. ದೊಡ್ಡ ಮನಸ್ಸಿನ ತಂದೆಯ ಮಗ ನಾನು ಎಂದು ಹೇಳಿಕೊಂಡಿದ್ದೆ. ಆ ಸಂಜೆ ಹುಡುಗನ ಬಾಯಿಂದ ಅದೇ ಮಾತು ಬೇರೆ ರೂಪದಲ್ಲಿ ಬಂದಾಗ ಮಾತ್ರ ನನಗೆ ಅಡಿಗೆಯ ಭಟ್ಟರ ನೆನಪಾಯಿತು. ಹೋಟೆಲು ಮುಚ್ಚಿದಾಗ ಅವರಿಗೆ ಅರುವತ್ತರ ಹತ್ತಿರ. ಮೂರು ತಿಂಗಳ ಸಂಬಳ ಬಾಕಿ. ಒಂದು ಟ್ರಂಕು, ಒಂದು ಹಾಸಿಗೆಸುರುಳಿ ಹಿಡಿದು ಅಳ್ನಾವರದ ಕಡೆಯ ಬಸ್ಸು ಹತ್ತಿದರು. ಕೆಂಪು ಮಫ್ಲರಿನವನು ಉಂಡ ಊಟದ ಹಣವನ್ನು ಕೊಟ್ಟದ್ದು ಅಪ್ಪಯ್ಯನಲ್ಲ, ಧಣಿಗಳೂ ಅಲ್ಲ. ಭಟ್ಟರು, ಇಬ್ಬರು ಮಾಣಿಗಳು, ಪಾತ್ರೆ ತೊಳೆಯುವ ಹೆಂಗಸು. ಉದ್ರಿ ಇಷ್ಟಾಗಿದೆ ಎಂದು ಒಂದು ವರ್ಷ ಮೊದಲೇ ಹೇಳಿದ್ದರೆ ಧಣಿಗಳು ಕೂಗಾಡುತ್ತಿದ್ದರು, ಉದ್ರಿಗೆ ಮಿತಿ ಹಾಕುತ್ತಿದ್ದರು. ಹೋಟೆಲು ಬಹುಶಃ ಉಳಿಯುತ್ತಿತ್ತು.

ನಾನು ಇದನ್ನೆಲ್ಲ ಯೋಚಿಸುತ್ತಿದ್ದೆ, ಬಾಯಿಬಿಟ್ಟು ಹೇಳಲಿಲ್ಲ. ಅಪ್ಪಯ್ಯನೇ ಕುರ್ಚಿಯ ತುದಿಯಲ್ಲಿ ಕುಳಿತು ಹುಡುಗನನ್ನು ಕೇಳಿದರು:

"ನಿನ್ನ ಹತ್ತಿರ ಎಷ್ಟು ಜನ?"

"ಹನ್ನೊಂದು ಮಂದಿ ಅಜ್ಜಾರ."

"ನನ್ನ ಹತ್ತಿರ ಎಂಟು ಜನ ಇದ್ದರು." ಪುಸ್ತಕವನ್ನು ಅವನ ಮುಂದೆ ಸರಿಸಿದರು. ಹುಡುಗ ನಾಲ್ಕು ಸಾಲು ಓದಿ ನಕ್ಕ. ಐದನೆಯ ಸಾಲಿಗೆ ನಗು ನಿಂತಿತು. "ನಾನು ಹೇಳಲಿಲ್ಲ ಮಾರಾಯ. ನೀನು ಹೇಳು. ಇವತ್ತೇ ಹೇಳು. ಬರೀ ಕಷ್ಟ ಹೇಳಬೇಡ. ಎಷ್ಟು ಕೊಡಬೇಕು, ಎಷ್ಟು ಇದೆ, ಯಾವುದನ್ನು ನಿಲ್ಲಿಸಬಹುದು, ಮೂರನ್ನೂ ಹೇಳು. ಜನರನ್ನು ಬಿಡಿಸುವ ಮಾತು ಅವರಾಗಿ ತೆಗೆಯುವ ಮೊದಲೇ ಈಜುಕೊಳದ ಮಾತು ನೀನು ತೆಗೆ."

ನನ್ನ ಉಪನ್ಯಾಸದಲ್ಲಿ ಇಲ್ಲದ್ದು ಇದೇ.

ಕ್ಯಾಲೆಂಡರಿನ ಹಾಳೆಯನ್ನು ಕೈಯಲ್ಲಿ ಹಿಡಿದು ಹುಡುಗ ಜಗಲಿಯ ಆ ತುದಿಗೆ ಹೋಗಿ ಫೋನು ಮಾಡಿದ. ಹಂಚಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ಅವನು ಕೂಗಿ ಹೇಳಬೇಕಾಯಿತು: "ಎರಡು ಲಕ್ಷ ಎಂಬತ್ತು ಸಾವಿರ ರೀ! ಹೌದ್ರಿ, ನಾವು ಕೊಡಬೇಕಾದದ್ದು! ಇಲ್ರಿ, ಮೊದಲೇ ಹೇಳಬೇಕಿತ್ತು, ನನ್ನದೇ ತಪ್ಪು!" ನಮ್ಮ ಓಣಿಗೆಲ್ಲ ಆ ವಸತಿಗೃಹದ ಸ್ಥಿತಿ ತಿಳಿಯಿತು. ಸಾಹುಕಾರರು ಬೈದದ್ದೂ ಸುಮಾರಾಗಿ ಕೇಳಿಸಿತು. ಫೋನು ಇಟ್ಟಮೇಲೆ ಅವನು ಬಹಳ ಹೊತ್ತು ಗೇಟಿನ ಕಡೆಗೆ ಮುಖಮಾಡಿ ನಿಂತಿದ್ದ.

ಮೂರನೆಯ ದಿನ ಸಾಹುಕಾರರು ದಾಂಡೇಲಿಗೆ ಬಂದರಂತೆ. ಈಜುಕೊಳದ ಕೆಲಸ ನಿಂತಿತು. ಅದೀಗ ಮಳೆನೀರು ತುಂಬಿ ಕಪ್ಪೆಗಳಿಗೆ ಉಪಯೋಗವಾಗುತ್ತಿದೆ. ಸಂಬಳ ಎರಡು ಕಂತಿನಲ್ಲಿ ಆಯಿತು. ಮುಂಗಡಕ್ಕೆ ಬೇರೆ ಖಾತೆ ತೆರೆದರು. ಒಬ್ಬನಿಗೆ ಕೆಲಸ ಹೋಯಿತು, ತೋಟದವನಿಗೆ. ದಸರೆಗೆ ಮತ್ತೆ ಕರೆಯುವುದಾಗಿ ಹೇಳಿದ್ದಾರಂತೆ. ಕರೆಯುತ್ತಾರೋ ನೋಡಬೇಕು.

ಆ ರಾತ್ರಿ ಹುಡುಗ ಕೊನೆಯ ಬಸ್ಸಿಗೆ ಹೊರಟಮೇಲೆ ಅಪ್ಪಯ್ಯ ದೀಪದ ಕೆಳಗೆ ಉದ್ರಿ ಪುಸ್ತಕವನ್ನು ತಿರುವುತ್ತ ಕುಳಿತಿದ್ದರು. ಮಲಗುವ ಹೊತ್ತಾಯಿತೆಂದು ಹೇಳಲು ಹೋದೆ. ಅವರು ಬೆರಳನ್ನು ಒಂದು ಸಾಲಿನ ಮೇಲಿಟ್ಟು ತಲೆಯೆತ್ತದೆ ಅಂದರು:

"ಈ ಕೆಂಪು ಮಫ್ಲರ್ ಇದ್ದಾನಲ್ಲ, ಇವನು ಒಳ್ಳೆಯವ. ಏನೋ ಅಡಚಣೆಯಾಗಿರಬೇಕು."